ಸೈಕಲ್ ಬಗ್ಗೆ ಇಂಗ್ಲಿಷಿನಲ್ಲಿ ಎರಡು ನಿಮಿಷ ಮಾತಾಡಿ!



ಇಂಗ್ಲಿಷ್ ಮೌಖಿಕ ಪರೀಕ್ಷೆಯಲ್ಲಿ "ಟೆಲ್ ಮಿ ಅಬೌಟ್ ಯುವರ್ ಬೈಸಿಕಲ್" ಅಂತ ಕೇಳಿದರೆ ಏನು ಹೇಳುತ್ತೀರಿ? "ಐ ಹ್ಯಾವ್ ಎ ಬೈಸಿಕಲ್. ಇಟ್ ಈಸ್ ವೆರಿ ನೈಸ್" ಅಂದು ಬಹಳ ಮಂದಿ ಸುಮ್ಮನಾಗಿಬಿಡುತ್ತಾರೆ. ಚೈನು ಕಳಚಿದರೆ ದಾರಿಯಲ್ಲೇ ಹಾಕಿಕೊಳ್ಳುವವರೂ ಅವರೇ! ವಿಷಯ ಗೊತ್ತು, ಮಾತು ಬರುವುದಿಲ್ಲ.

ರಾಯದುರ್ಗ, ಮಡಕಶಿರ ಕಡೆಯ ನಿಮಗೆ ಇದು ಸಣ್ಣ ಸಂಗತಿಯಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು. ಹತ್ತನೇ ತರಗತಿ ಮುಗಿಸಿ ಇಂಟರ್‌ನಲ್ಲಿ ವಿಜ್ಞಾನ ತೆಗೆದುಕೊಂಡರೆ ಹೆಚ್ಚಿನವರಿಗೆ ಪಾಠ ಇಂಗ್ಲಿಷಿನಲ್ಲಿ. ಗೊತ್ತಿರುವುದನ್ನು ಹೇಳಲು ಬಾರದೆ ಹಿಂದೆ ಉಳಿಯಬಾರದು. ಅದಕ್ಕೆ ಸೈಕಲ್ಲಿನಿಂದಲೇ ಶುರು ಮಾಡೋಣ.

ಪದಗಳು ನಿಮ್ಮ ಬಾಯಲ್ಲೇ ಇವೆ

ಬ್ರೇಕು, ಚೈನು, ಪೆಡ್ಲು, ಟೈರು, ಟ್ಯೂಬು, ಬೆಲ್ಲು, ರಿಮ್ಮು. ಇವೆಲ್ಲ ಇಂಗ್ಲಿಷ್ ಪದಗಳೇ. ಕನ್ನಡದಲ್ಲಿ ಇವುಗಳ ಕೊನೆಗೆ ನಾವು 'ಉ' ಸೇರಿಸುತ್ತೇವೆ. ಕನ್ನಡದಲ್ಲಿ ಅದು ಸರಿ. ಇಂಗ್ಲಿಷ್ ಮಾತಾಡುವಾಗ ಆ 'ಉ' ಬಿಟ್ಟುಬಿಡಿ: ಬ್ರೇಕ್, ಚೈನ್, ಬೆಲ್. ಇಷ್ಟರಿಂದಲೇ ಉಚ್ಚಾರ ಎಷ್ಟೋ ಸುಧಾರಿಸುತ್ತದೆ. ಇನ್ನೆರಡು ಪದ ಸೇರಿಸಿಕೊಳ್ಳಿ. ಚಕ್ರದ ಕಡ್ಡಿಗೆ 'ಸ್ಪೋಕ್', ಕೂರುವ ಸೀಟಿಗೆ 'ಸ್ಯಾಡಲ್'.

'ಯಾಕೆ' ಅಂತ ಕೇಳಿಕೊಳ್ಳಿ

ಒಂದು ವಾಕ್ಯ ಹೇಳಿದ ಮೇಲೆ ಮುಂದೇನು ಅಂತ ತಡವರಿಸುತ್ತೀರಲ್ಲವೇ? ಅಲ್ಲಿ ವಿಜ್ಞಾನ ಕೈ ಹಿಡಿಯುತ್ತದೆ. ಯಾಕೆ ಅಂತ ನಿಮ್ಮನ್ನೇ ಕೇಳಿಕೊಂಡು 'ಬಿಕಾಸ್' ಅಥವಾ 'ಸೋ' ಸೇರಿಸಿ. ಮೂರು ಉದಾಹರಣೆ ನೋಡಿ.

1. ಬ್ರೇಕ್: ಹಿಡಿ ಒತ್ತಿದರೆ ರಬ್ಬರ್ ತುಂಡು ರಿಮ್ಮಿಗೆ ಉಜ್ಜುತ್ತದೆ. ಘರ್ಷಣೆಯಿಂದ ವೇಗ ಇಳಿಯುತ್ತದೆ. ಮಳೆಯಲ್ಲಿ ರಿಮ್ಮು ಒದ್ದೆಯಾದರೆ ಘರ್ಷಣೆ ಕಡಿಮೆ, ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ. ಇದನ್ನೇ ಹೀಗೆ ಹೇಳಿ: "ಐ ರೈಡ್ ಸ್ಲೋಲಿ ಇನ್ ದಿ ರೇನ್ ಬಿಕಾಸ್ ವೆಟ್ ಬ್ರೇಕ್ಸ್ ಡು ನಾಟ್ ವರ್ಕ್ ವೆಲ್."

2. ಚೈನ್: ಪೆಡ್ಲಿನ ಹತ್ತಿರದ ದೊಡ್ಡ ಹಲ್ಲುಚಕ್ರದಲ್ಲಿ 44 ಹಲ್ಲು, ಹಿಂದಿನ ಚಿಕ್ಕದರಲ್ಲಿ 18 ಹಲ್ಲು ಇದ್ದರೆ, ಪೆಡ್ಲು ಒಂದು ಸುತ್ತು ತಿರುಗಿದಾಗ ಹಿಂದಿನ ಚಕ್ರ 44 ÷ 18, ಅಂದರೆ ಸುಮಾರು 2.4 ಸುತ್ತು ತಿರುಗುತ್ತದೆ. 28 ಇಂಚಿನ ಚಕ್ರದ ಸುತ್ತಳತೆ ಸುಮಾರು 2.2 ಮೀಟರ್. ಹಾಗಾಗಿ ಒಂದು ಸುತ್ತಿಗೆ 5 ಮೀಟರ್ ಮೇಲೆಯೇ ಮುಂದೆ ಹೋಗುತ್ತೀರಿ! "ವೆನ್ ದಿ ಪೆಡಲ್ಸ್ ಟರ್ನ್ ಒನ್ಸ್, ದಿ ಬ್ಯಾಕ್ ವೀಲ್ ಟರ್ನ್ಸ್ ಮೋರ್ ದ್ಯಾನ್ ಟ್ವೈಸ್, ಸೋ ಐ ಗೋ ಫಾಸ್ಟ್."

3. ಟೈರ್: ಮೊದಲು ಸೈಕಲ್ಲಿಗೆ ಗಟ್ಟಿ ರಬ್ಬರಿನ ಟೈರು ಇರುತ್ತಿತ್ತು. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯರು ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದರು. ಕುಲುಕಾಟ ಕಡಿಮೆಯಾಯಿತು, ಜಾಲಿ ಮುಳ್ಳಿನ ಕಾಟ ಶುರುವಾಯಿತು! "ಮೈ ಟೈರ್ ಈಸ್ ಪಂಕ್ಚರ್" ಅನ್ನಬೇಡಿ. ನಡೆದುಹೋದದ್ದನ್ನು ಭೂತಕಾಲದಲ್ಲಿ ಹೇಳಿ: "ಎ ಥಾರ್ನ್ ವೆಂಟ್ ಇನ್‌ಟು ಮೈ ಟೈರ್, ಸೋ ಐ ವಾಕ್ಡ್ ಹೋಮ್."

ಈ ವಾಕ್ಯಗಳಲ್ಲಿ ಕಠಿಣ ಪದ ಒಂದೂ ಇಲ್ಲ. ಆದರೂ ಕೇಳುವವರಿಗೆ, ಈ ಮಗು ಯೋಚಿಸಿ ಮಾತಾಡುತ್ತಿದೆ ಅಂತ ತಿಳಿಯುತ್ತದೆ.

ಅಂಕ ಯಾವುದಕ್ಕೆ?

ವಿದೇಶದಲ್ಲಿ ಓದಲು ಹೋಗುವವರು ಬರೆಯುವ ಐಇಎಲ್‌ಟಿಎಸ್ ಪರೀಕ್ಷೆಯ ಹೆಸರು ಕೇಳಿರಬಹುದು. ಅದರ ಮೌಖಿಕ ಭಾಗ 11ರಿಂದ 14 ನಿಮಿಷ. ಒಂದು ಚೀಟಿಯಲ್ಲಿ ವಿಷಯ ಕೊಟ್ಟು, ತಯಾರಿಗೆ 1 ನಿಮಿಷ, ಮಾತಿಗೆ 2 ನಿಮಿಷದವರೆಗೆ ಕೊಡುತ್ತಾರೆ. ನಾಲ್ಕು ಅಂಶ ನೋಡುತ್ತಾರೆ: ಮಾತು ತಡೆಯಿಲ್ಲದೆ ಒಂದಕ್ಕೊಂದು ಹೊಂದಿಕೊಂಡು ಸಾಗುವುದು, ಪದಗಳ ಬಳಕೆ, ವ್ಯಾಕರಣ, ಉಚ್ಚಾರ. ಉಚ್ಚಾರ ನಾಲ್ಕರಲ್ಲಿ ಒಂದು ಮಾತ್ರ. ಇಂಗ್ಲಿಷರ ಹಾಗೆಯೇ ಮಾತಾಡಬೇಕೆಂಬ ಭಯ ಬೇಡ, ಕೇಳುವವರಿಗೆ ಸ್ಪಷ್ಟವಾಗಿ ಅರ್ಥವಾದರೆ ಸಾಕು.

ಬಾಯಿಪಾಠ ಮಾಡಿದ ಪ್ರಬಂಧವನ್ನು ನಂಬಬೇಡಿ. ನಡುವೆ ಒಂದು ಪದ ಮರೆತರೆ ಮುಂದಿನದೆಲ್ಲ ಹೋಯಿತು. ಕಣ್ಣಾರೆ ಕಂಡ ಸೈಕಲ್ಲು ಹಾಗೆ ಮರೆಯುವುದಿಲ್ಲ.

ಮಾಡಿ ನೋಡಿ

ಇವತ್ತು ಸಂಜೆ ಇಬ್ಬಿಬ್ಬರು ಜೊತೆಯಾಗಿ. ಸೈಕಲ್ಲು ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ನಿಂತಿರುವಾಗಲೇ ಎರಡೂ ಹಲ್ಲುಚಕ್ರಗಳ ಹಲ್ಲು ಎಣಿಸಿ ಭಾಗಿಸಿ. ಆಮೇಲೆ ಒಬ್ಬರು ಒಂದೊಂದು ಭಾಗ ಮುಟ್ಟಿ "ವಾಟ್ ಈಸ್ ದಿಸ್?", "ವಾಟ್ ಡಸ್ ಇಟ್ ಡು?", "ವೈ?" ಅಂತ ಕೇಳಲಿ, ಇನ್ನೊಬ್ಬರು ಉತ್ತರ ಹೇಳಲಿ. ತಪ್ಪಿದರೆ ನಗಬೇಡಿ, ಮತ್ತೆ ಹೇಳಿಸಿ. ಆರು ಭಾಗ ಮುಗಿಯುವಷ್ಟರಲ್ಲಿ ಎರಡು ನಿಮಿಷ ತುಂಬಿರುತ್ತದೆ.