ರಕ್ತನಾಳದ ಉರಿ, ಮುಪ್ಪಿನ ಊಟ

ಎಪ್ಪತ್ತು ದಾಟಿದ ಹಿರಿಯರಿಗೆ ರಕ್ತನಾಳಗಳಲ್ಲಿ ಉರಿಯೂತವಿದೆಯೆಂದು ವೈದ್ಯರು ತಿಳಿಸಿದೊಡನೆ, ನಮ್ಮ ಅನೇಕ ಮನೆಗಳಲ್ಲಿ ಬದನೆಕಾಯಿಯೂ ಹುರುಳಿಯೂ ಬಂಗುಡೆ ಮೀನೂ ‘ಉಷ್ಣ’, ‘ನಂಜು’ ಎಂಬ ಅಪವಾದಕ್ಕೊಳಗಾಗಿ ಅಡುಗೆಮನೆಯಿಂದ ಹೊರಬೀಳುತ್ತವೆ; ಅವುಗಳ ಸ್ಥಾನದಲ್ಲಿ ಬಿಳಿಯಕ್ಕಿಯ ಗಂಜಿ, ನೆಂಚಿಕೊಳ್ಳಲು ಉಪ್ಪಿನಕಾಯಿ, ಸುಟ್ಟ ಹಪ್ಪಳ, ಸಂಜೆಯ ಚಹಕ್ಕೆ ಅದ್ದಿ ತಿನ್ನುವ ಎರಡು ರಸ್ಕು ಬಂದು ನೆಲಸುತ್ತವೆ. ವಾತ್ಸಲ್ಯದಿಂದ ಏರ್ಪಟ್ಟ ಈ ಪಥ್ಯವು ಹೃದಯಕ್ಕೆ ಹಿತವೆಂಬ ನಂಬಿಕೆ ಸರಿಯಲ್ಲ.

ಉರಿಯೂತವೆಂಬ ಶಬ್ದದಲ್ಲಿ ‘ಉರಿ’ ಇರುವುದರಿಂದಲೇ ಈ ಭ್ರಾಂತಿ ಹುಟ್ಟಿರಬೇಕೆಂದು ನನಗೆ ತೋರುತ್ತದೆ. ರಕ್ತನಾಳದ ಭಿತ್ತಿಯೊಳಗೆ ಕೆಟ್ಟ ಕೊಲೆಸ್ಟ್ರಾಲ್ ಸೇರಿಕೊಂಡಾಗ ಅದನ್ನು ನಿವಾರಿಸಲು ಬಿಳಿ ರಕ್ತಕಣಗಳು ಧಾವಿಸಿ ಬಂದು, ಆ ಕೊಬ್ಬನ್ನು ನುಂಗಿ, ಅಲ್ಲಿಯೇ ಸಿಕ್ಕಿಬಿದ್ದು, ವರ್ಷಾನುವರ್ಷ ಗಡ್ಡೆಗಟ್ಟುತ್ತ ಹೋಗುವ ಈ ವ್ಯಾಪಾರದಲ್ಲಿ ಮೈ ಬಿಸಿಯಾಗುವುದಿಲ್ಲ, ನೋವೂ ಇರುವುದಿಲ್ಲ. 2017ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ, ಕೊಲೆಸ್ಟ್ರಾಲನ್ನು ತಗ್ಗಿಸದೆ ಉರಿಯೂತವನ್ನು ಮಾತ್ರ ತಗ್ಗಿಸುವ ಔಷಧದಿಂದಲೇ, ಹಿಂದೊಮ್ಮೆ ಹೃದಯಾಘಾತವಾಗಿದ್ದವರಲ್ಲಿ ಮರು ಆಘಾತಾದಿಗಳು ಸುಮಾರು ಶೇಕಡಾ 15ರಷ್ಟು ಕಡಮೆಯಾದುವು.

ಈಗ ಆ ತಟ್ಟೆಯನ್ನು ನೋಡೋಣ. ಗಂಜಿಯಲ್ಲಿ ನಾರಿನ ಅಂಶ ಅತ್ಯಲ್ಪ. ರಕ್ತದ ಸಕ್ಕರೆಯನ್ನು ಅದು ಬೇಗನೆ ಏರಿಸುತ್ತದೆ. ದಿನವೊಂದಕ್ಕೆ 5 ಗ್ರಾಂ, ಎಂದರೆ ಒಂದು ಚಹದ ಚಮಚೆಯಷ್ಟು ಉಪ್ಪು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿರಲು, ಉಪ್ಪಿನಕಾಯಿ ಹಪ್ಪಳಗಳು ಅದರ ಬಹುಭಾಗವನ್ನು ತಾವೇ ತುಂಬಿಬಿಡಬಲ್ಲವು. ರಸ್ಕೆಂದರೆ ಮೈದಾ, ಸಕ್ಕರೆ, ಅನೇಕ ವೇಳೆ ವನಸ್ಪತಿ. ಹೊರದಬ್ಬಿದ ಹುರುಳಿಯಾದರೋ, ತನ್ನ ನಾರಿನಿಂದ ಕರುಳಿನ ಸೂಕ್ಷ್ಮಜೀವಿಗಳನ್ನು ಪೋಷಿಸಿ, ಅವು ಉರಿಯೂತವನ್ನು ಶಮನಗೊಳಿಸುವ ಆಮ್ಲಗಳನ್ನು ಉತ್ಪಾದಿಸುವಂತೆ ಮಾಡುತ್ತದೆ. ಬಂಗುಡೆಯಲ್ಲಿ ಒಮೆಗಾ-3 ಕೊಬ್ಬು ಹೇರಳವಾಗಿದೆ.

ಅರಿಶಿನದ ಹಾಲೊಂದೇ ಸಾಕೆಂಬ ಮಾತಿಗೂ ಆಧಾರ ಸಾಲದು: ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು ಮೂರು ಭಾಗ, ಅದೂ ರಕ್ತಕ್ಕೆ ಸೇರುವುದು ಅತ್ಯಲ್ಪ. ‘ಕೊಲೆಸ್ಟ್ರಾಲ್‌ರಹಿತ’ವೆಂದು ಎಣ್ಣೆಯ ಡಬ್ಬಿಯ ಮೇಲೆ ಮುದ್ರಿಸುವುದೂ ವಿಶೇಷವೇನಲ್ಲ, ಯಾವ ಸಸ್ಯಜನ್ಯ ಎಣ್ಣೆಯಲ್ಲಿಯೂ ಹೇಳಿಕೊಳ್ಳುವಷ್ಟು ಕೊಲೆಸ್ಟ್ರಾಲ್ ಇಲ್ಲ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ನೋಯಿಸುವುದು, ‘ಈ ವಯಸ್ಸಿನಲ್ಲಿ ಏನು ತಿಂದರೆ ತಾನೇ ಏನು’ ಎಂಬ ನಿರಾಶೆಯ ನುಡಿ. ಸ್ಪೇನ್ ದೇಶದಲ್ಲಿ 55ರಿಂದ 80 ವರ್ಷದೊಳಗಿನ 7,447 ಜನರನ್ನು ಸುಮಾರು ಐದು ವರ್ಷ ಗಮನಿಸಿ, ದೋಷಗಳನ್ನು ತಿದ್ದಿ 2018ರಲ್ಲಿ ಮರುಪ್ರಕಟಿಸಿದ ಅಧ್ಯಯನದಲ್ಲಿ, ಕಾಳು, ತರಕಾರಿ, ಹಣ್ಣು, ಮೀನುಗಳ ಊಟದೊಡನೆ ಆಲಿವ್ ಎಣ್ಣೆಯನ್ನೋ ಬಾದಾಮಿ ಅಕ್ರೋಟುಗಳನ್ನೋ ಸೇವಿಸಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಮರಣ ಇವು ಒಟ್ಟಾರೆ ಶೇಕಡಾ 30ರಷ್ಟು ಕಡಮೆಯಿದ್ದುವು. ಆಲಿವ್ ನಮಗೆ ಪರಕೀಯವಾದರೂ ಆ ಊಟದ ತಿರುಳು ಪರಕೀಯವಲ್ಲ. ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳಿಕೊಳ್ಳಲಿ. ಗುಳಿಗೆಗಳನ್ನು ಯಾರೂ ಬಿಡದಿರಲಿ. ಮಿಕ್ಕ ಹಿರಿಯರ ತಟ್ಟೆಗೆ ಹುರುಳಿಯ ಬಸ್ಸಾರನ್ನು, ಉಪ್ಪು ಹಿಡಿತದಲ್ಲಿಟ್ಟು, ದಯಮಾಡಿ ಮರಳಿ ಬಡಿಸಿರಿ.