ಅಳಿವೆಗಳಲ್ಲಿ ವಿಹಾರ ದೋಣಿಯಾನ ಮತ್ತು ಹೂಳೆತ್ತುವಿಕೆ: ಅರ್ಜಿದಾರರಿಗೆ ಮಾಹಿತಿ

ಕರ್ನಾಟಕದ ಕರಾವಳಿಯಲ್ಲಿ ಕಾಳಿ, ಅಘನಾಶಿನಿ, ಶರಾವತಿ, ನೇತ್ರಾವತಿ ಮೊದಲಾದ ನದಿಗಳು ಸಮುದ್ರವನ್ನು ಸೇರುವ ಅಳಿವೆಗಳು ವಿಹಾರ ದೋಣಿಯಾನಕ್ಕೆ ಅನುಕೂಲವಾದ ಸ್ಥಳಗಳಾಗಿವೆ. ಹೊನ್ನಾವರದ ಬಳಿ ಶರಾವತಿಯ ಕಾಂಡ್ಲಾವನಗಳ ನಡುವಿನ ದೋಣಿಯಾನ ಇದಕ್ಕೊಂದು ಉದಾಹರಣೆ. ದೋಣಿಗಳು ನೆಲ ಹತ್ತುವ ಕಡೆಗಳಲ್ಲಿ ಹೂಳೆತ್ತಬೇಕೆಂದು ಕೋರುವವರು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಹೂಳು ಸೇರುವ ಬಗೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ನದಿಗಳು ಮಣ್ಣನ್ನು ಹೊತ್ತು ತರುತ್ತವೆ. ಅಲೆಗಳು ಮತ್ತು ದಡದುದ್ದಕ್ಕೂ ಹರಿಯುವ ಪ್ರವಾಹವು ಕಡಲ ಕಡೆಯಿಂದ ಮರಳನ್ನು ತಂದು ಅಳಿವೆ ಬಾಗಿಲಿನಲ್ಲಿ ದಿಬ್ಬವನ್ನಾಗಿ ಕಟ್ಟುತ್ತವೆ. ನೆರೆಯ ನೀರು ಈ ದಿಬ್ಬವನ್ನು ಕೊರೆದರೂ, ಮಳೆ ನಿಂತು ಹರಿವು ತಗ್ಗಿದಂತೆ ಅದು ಮತ್ತೆ ಬೆಳೆಯುತ್ತದೆ. ಆದ್ದರಿಂದ ಒಮ್ಮೆ ತೋಡಿದ ಜಲಮಾರ್ಗವು ಶಾಶ್ವತವಾಗಿ ಉಳಿಯುವುದಿಲ್ಲ. ಹೂಳೆತ್ತುವಿಕೆಯು ಮರುಕಳಿಸುವ ವೆಚ್ಚವೆಂಬುದನ್ನು ಯೋಜನೆಯ ಆರಂಭದಲ್ಲಿಯೇ ಗಮನಿಸತಕ್ಕದ್ದು.

ಅಗತ್ಯವಿರುವ ಆಳ

ನೀರಿನೊಳಗೆ ಮುಳುಗಿರುವ ದೋಣಿಯ ಭಾಗದ ಆಳಕ್ಕೆ, ತಳದ ಕೆಳಗೆ ಬಿಡಬೇಕಾದ ಸುರಕ್ಷಿತ ಅಂತರವನ್ನು ಕೂಡಿಸಿದರೆ ಬೇಕಾದ ಆಳ ದೊರೆಯುತ್ತದೆ. ಉದಾಹರಣೆಗೆ, 0.6 ಮೀಟರ್ ಮುಳುಗುವ ದೋಣಿಗೆ 0.5 ಮೀಟರ್ ಅಂತರವನ್ನು ಇರಿಸಿಕೊಂಡರೆ 1.1 ಮೀಟರ್ ನೀರು ಸಾಕಾಗುತ್ತದೆ. ಇಳಿತದ ವೇಳೆ ಅಲ್ಲಿ 0.8 ಮೀಟರ್ ನೀರಿದ್ದಲ್ಲಿ ಕೊರತೆ 0.3 ಮೀಟರ್ ಮಾತ್ರ. ಈ ಕರಾವಳಿಯಲ್ಲಿ ದಿನಕ್ಕೆ ಎರಡು ಬಾರಿ ಭರತ ಬರುವುದರಿಂದ, ಸಂಚಾರದ ಸಮಯವನ್ನು ಅದಕ್ಕೆ ಹೊಂದಿಸಿಕೊಂಡು ಹೂಳೆತ್ತುವುದನ್ನೇ ತಪ್ಪಿಸಬಹುದು. ಅಲೆಗಳಿರುವ ಅಳಿವೆ ಬಾಗಿಲಿನಲ್ಲಿ ಮಾತ್ರ ಇನ್ನೂ ಹೆಚ್ಚಿನ ಅಂತರ ಬೇಕಾಗುತ್ತದೆ. ಕಡಿಮೆ ಮುಳುಗುವ ಚಪ್ಪಟೆ ತಳದ ದೋಣಿಗಳು ಒಳಭಾಗದ ಶಾಂತ ನೀರಿಗೆ ಸೂಕ್ತ.

ಪರಿಸರ ಮತ್ತು ಜೀವನೋಪಾಯ

ಅಳಿವೆಯ ತಳವು ಬರಿದಾದ ಜಾಗವಲ್ಲ. 2024ರಲ್ಲಿ ರಾಮ್ಸಾರ್ ತಾಣವೆಂದು ಘೋಷಿತವಾದ ಅಘನಾಶಿನಿ ಅಳಿವೆಯಲ್ಲಿ ಇಳಿತದ ವೇಳೆ ಬಳಚು ಆರಿಸಿ ಬದುಕುವ ಕುಟುಂಬಗಳು ಅನೇಕ. ತಳವನ್ನು ಅಗೆದರೆ ಚಿಪ್ಪುಜೀವಿಗಳು ನಾಶವಾಗುತ್ತವೆ. ಕದಡಿದ ಕೆಸರು ಸುತ್ತಲಿನ ನೆಲೆಗಳನ್ನೂ ಮುಚ್ಚುತ್ತದೆ. ಮಾರ್ಗವನ್ನು ಅತಿಯಾಗಿ ಆಳಗೊಳಿಸಿದಲ್ಲಿ ಉಪ್ಪುನೀರು ಒಳನಾಡಿಗೆ ಇನ್ನಷ್ಟು ನುಗ್ಗಿ ಬಾವಿಗಳಿಗೂ ಕೃಷಿಭೂಮಿಗೂ ಹಾನಿಯಾಗಬಹುದು, ದಡಗಳೂ ಕುಸಿಯಬಹುದು. ವಿಹಾರಕ್ಕೆ ಬರುವವರು ನೋಡಬಯಸುವುದೂ ಇದೇ ಜೀವಸಂಪತ್ತನ್ನು ಎಂಬುದನ್ನು ಮರೆಯುವಂತಿಲ್ಲ.

ಅನುಮತಿಗಳು

2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ವ್ಯಾಪ್ತಿಯಲ್ಲಿ ಬಂದರುಗಳೊಂದಿಗೆ ಹೂಳೆತ್ತುವಿಕೆಯೂ ಸೇರಿದೆ. ಪರಿಸರ ಅನುಮತಿ ಪಡೆದ ಮೂಲ ಯೋಜನೆಯಲ್ಲಿಯೇ ಸೇರಿದ್ದ ನಿರ್ವಹಣಾ ಹೂಳೆತ್ತುವಿಕೆಗೆ ಇದರಿಂದ ವಿನಾಯಿತಿ ಇದೆ. ಅಳಿವೆಗಳು ಕರಾವಳಿ ನಿಯಂತ್ರಣ ವಲಯದ ನಿಯಮಗಳಿಗೂ ಒಳಪಡುತ್ತವೆ. ಕಾಳಿ, ಶರಾವತಿ ಮತ್ತು ನೇತ್ರಾವತಿ ನದಿಗಳ ಭಾಗಗಳು 2016ರ ಕಾಯ್ದೆಯಂತೆ ರಾಷ್ಟ್ರೀಯ ಜಲಮಾರ್ಗಗಳಾಗಿವೆ. ಮರಳು ಉಪಖನಿಜವಾದುದರಿಂದ, ಹೂಳಿನೊಡನೆ ಬಂದ ಮರಳನ್ನು ಅನುಮತಿಯಿಲ್ಲದೆ ಸಾಗಿಸುವಂತಿಲ್ಲ, ಮಾರುವಂತಿಲ್ಲ.

ಅರ್ಜಿದಾರರು ಸಿದ್ಧಪಡಿಸಿಕೊಳ್ಳಬೇಕಾದ ವಿವರಗಳು

1. ದೋಣಿಗಳ ಸಂಖ್ಯೆ, ಗಾತ್ರ ಹಾಗೂ ಪೂರ್ಣ ಭಾರದಲ್ಲಿ ಅವು ಮುಳುಗುವ ಆಳ.
2. ಇಳಿತದ ವೇಳೆ ಅಳೆದ ನೀರಿನ ಆಳ. ಮಳೆಗಾಲದ ಮುಂಚಿನ ಮತ್ತು ನಂತರದ ಅಳತೆಗಳಿದ್ದಲ್ಲಿ ಉತ್ತಮ.
3. ಹೂಳಿನ ಅಂದಾಜು ಪ್ರಮಾಣ, ಅದು ಮರಳೋ ಕೆಸರೋ ಎಂಬ ವಿವರ ಮತ್ತು ಹಾಕುವ ಸ್ಥಳ. ಕಾಂಡ್ಲಾ ಗಿಡಗಳ ಮೇಲಾಗಲಿ, ಚಿಪ್ಪುಜೀವಿಗಳ ನೆಲೆಗಳಲ್ಲಾಗಲಿ ಹಾಕುವುದು ಸಲ್ಲದು.
4. ಸ್ಥಳೀಯ ಮೀನುಗಾರರು ಮತ್ತು ಬಳಚು ಆರಿಸುವವರ ಅಭಿಪ್ರಾಯ.
5. ಮುಂದಿನ ವರ್ಷಗಳ ನಿರ್ವಹಣೆಯ ವೆಚ್ಚವನ್ನು ಭರಿಸುವ ವಿಧಾನ.

ಹೂಳೆತ್ತಿದ ಮಾತ್ರಕ್ಕೆ ಸಂಚಾರ ಸುರಕ್ಷಿತವಾಗುವುದಿಲ್ಲ. ಮಾರ್ಗದ ಅಂಚುಗಳನ್ನು ತೇಲುಗುರುತುಗಳಿಂದ ತೋರಿಸುವುದು, ಮಳೆಗಾಲದ ನಂತರ ಆಳವನ್ನು ಮರುಪರಿಶೀಲಿಸುವುದು ಹಾಗೂ ಪ್ರಯಾಣಿಕರಿಗೆ ಜೀವರಕ್ಷಕ ಕವಚಗಳನ್ನು ಒದಗಿಸುವುದು ಅತ್ಯಗತ್ಯ. 1917ರ ಕಾಯ್ದೆಯ ಬದಲಿಗೆ ಬಂದಿರುವ 2021ರ ಒಳನಾಡು ಹಡಗುಗಳ ಕಾಯ್ದೆಯು ನೋಂದಣಿ ಹಾಗೂ ತಪಾಸಣೆಯ ಬಗ್ಗೆ ವಿಧಿಸಿರುವ ನಿಯಮಗಳನ್ನು ದೋಣಿ ಮಾಲೀಕರು ಪಾಲಿಸತಕ್ಕದ್ದು. ಎಲ್ಲಿ, ಎಷ್ಟು ಅಗತ್ಯವೋ ಅಷ್ಟನ್ನು ಮಾತ್ರ ತೆಗೆದಲ್ಲಿ ದೋಣಿಯಾನವೂ ಅಳಿವೆಯೂ ಉಳಿಯುತ್ತವೆ. ಈ ದಿಸೆಯಲ್ಲಿ ಸಾರ್ವಜನಿಕರ ಸಹಕಾರವನ್ನು ಕೋರಲಾಗಿದೆ.