ಈನೆ: ದೋಣಿಗೂ ಮನೆ ಇರುವ ಊರು

ದೋಣಿಯನ್ನು ಮನೆಯೊಳಗೇ ಕಟ್ಟಿಹಾಕುವ ಊರೊಂದಿದೆ ಎಂದರೆ ನಂಬುವಿರಾ? ಜಪಾನಿನ ಕ್ಯೋಟೊ ಪ್ರಾಂತ್ಯದ ಉತ್ತರ ಕರಾವಳಿಯ ಈನೆ ಅಂತಹ ಊರು. ಒಂದೇ ದಿನದಲ್ಲಿ ನೋಡಿ ಬರಬಹುದು.

ಕೊಲ್ಲಿಯ ಅಂಚಿನಲ್ಲಿ ಸುಮಾರು 230 ‘ಫುನಾಯ’ಗಳು, ಅಂದರೆ ದೋಣಿಮನೆಗಳು, ನೀರಿಗೆ ತಾಗಿ ನಿಂತಿವೆ. ಕೆಳಗೆ ದೋಣಿ, ಮೇಲೆ ಬಲೆ ಮತ್ತು ಸಾಮಾನು. ವಾಸದ ಮನೆ ರಸ್ತೆಯ ಆಚೆಗೆ.

ಇವುಗಳನ್ನು ಸಮುದ್ರ ಏಕೆ ಕೊಚ್ಚಿಕೊಂಡು ಹೋಗುವುದಿಲ್ಲ? ಕಾರಣಗಳು ಮೂರು. ಕೊಲ್ಲಿಯ ಬಾಯಿ ದಕ್ಷಿಣಕ್ಕಿರುವುದರಿಂದ ಚಳಿಗಾಲದ ವಾಯವ್ಯ ಗಾಳಿ ನೇರವಾಗಿ ತಾಗದು. ಬಾಯಲ್ಲಿರುವ ಆವೊಶಿಮಾ ದ್ವೀಪ ಅಲೆಗಳನ್ನು ತಡೆಯುತ್ತದೆ. ಉಬ್ಬರ ಇಳಿತಗಳ ಅಂತರವೂ ಇಲ್ಲಿ ಅರ್ಧ ಮೀಟರಿನಷ್ಟೇ.

ಮಧ್ಯಾಹ್ನದ ಊಟಕ್ಕೆ ಅನ್ನ, ಮಿಸೊ ಸಾರು, ತೆಳುವಾಗಿ ಹೆಚ್ಚಿದ ಹಸಿ ಮೀನಿನ ‘ಸಾಶಿಮಿ’. ಚಳಿಗಾಲದಲ್ಲಿ ‘ಬುರಿ’ ಎಂಬ ಕೊಬ್ಬಿದ ಮೀನಿಗೆ ಈನೆ ಹೆಸರುವಾಸಿ. ಆದರೆ ನೆನಪಿಡಿ: ತಾಜಾ ಎಂದ ಮಾತ್ರಕ್ಕೆ ಹಸಿ ಮೀನು ನಿರಪಾಯವಲ್ಲ. ಅದರಲ್ಲಿ ‘ಅನಿಸಾಕಿಸ್’ ಎಂಬ ಪರಾವಲಂಬಿ ಹುಳು ಇರಬಹುದು. ಅದಕ್ಕೇ ಬಲ್ಲ ಅಡುಗೆಯವರು ಮೀನಿನ ಕರುಳನ್ನು ಕೂಡಲೇ ತೆಗೆದು, ಮಾಂಸವನ್ನು ಕಣ್ಣಿಟ್ಟು ಪರೀಕ್ಷಿಸುತ್ತಾರೆ. ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಹೆಪ್ಪುಗಟ್ಟಿಸಿದರೂ ಹುಳು ಸಾಯುತ್ತದೆ.

2005ರಲ್ಲಿ ಜಪಾನ್ ಸರ್ಕಾರ ಈ ಊರನ್ನು ಸಂರಕ್ಷಿತ ಪ್ರದೇಶಗಳ ಪಟ್ಟಿಗೆ ಸೇರಿಸಿತು. ಕಾನೂನು ಕಟ್ಟಡವನ್ನು ಉಳಿಸೀತು. ಊರನ್ನು ಉಳಿಸಬೇಕಾದವರು ಜನ. ಇಲ್ಲಿಯ ಯುವಜನರು ನಗರ ಸೇರುತ್ತಿದ್ದಾರೆ, ಜನಸಂಖ್ಯೆ ಕುಗ್ಗುತ್ತಿದೆ. ಕೆಲವು ದೋಣಿಮನೆಗಳು ಈಗ ವಸತಿಗೃಹಗಳಾಗಿ ಪ್ರವಾಸಿಗರಿಂದ ಆದಾಯ ಕಾಣುತ್ತಿವೆ. ಉಳಿದವು ಇಂದಿಗೂ ಮೀನುಗಾರರ ಸ್ವಂತ ಮನೆಗಳು. ಹಾಗಾಗಿ ನೋಡಲು ಹೋದವರು ಕೇಳದೆ ಒಳಗೆ ಕಾಲಿಡಬಾರದು. ಅತಿಥಿ ಮರ್ಯಾದೆ ಕೊಟ್ಟರೆ ತಾನೇ ಊರು ಬಾಗಿಲು ತೆರೆದಿಡುವುದು?